ಹಳೇ ಕಾರ್ಡಿನೊಳಗಿನ ಬೀದಿ

ಜೂನ್ 4

ಪಿಟೀಲು,

ವರ್ಷಕ್ಕೊಂದು ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ನಾನು ನಿನಗೆ ನಾಲ್ಕು ಸಾಲು ಬರೆದವಳಲ್ಲ. ಈಗ ದಪ್ಪ ಲಕೋಟೆ ನೋಡಿ ಗಾಬರಿ ಬೀಳಬೇಡ. ನಾನು, ನಿನ್ನ ಭಾವ ಇಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಮೈ ಕೆಟ್ಟಿರುವುದು ನೀನು ಬಿಟ್ಟುಹೋದ ಕಂಪ್ಯೂಟರಿಗೆ.

ಎಂಟು ವರ್ಷದ ಹಿಂದೆ ನೀನು ಹಡಗಿನ ಕೆಲಸಕ್ಕೆ ಹೊರಟಾಗ ಅದನ್ನು ನನ್ನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಇಟ್ಟು, "ಬೇಕಾದ್ರೆ ಇಟ್ಕೋ, ಇಲ್ಲಾಂದ್ರೆ ಎಸಿ" ಅಂದಿದ್ದೆ. ಇಟ್ಟುಕೊಂಡೆ. ಕಸೂತಿಯ ಚಿತ್ರಗಳನ್ನು ಅದರಲ್ಲೇ ಮಾಡಿಕೊಳ್ಳುತ್ತೇನೆ. ಈಗ ಎರಡು ತಿಂಗಳಿಂದ ಅದರ ಹೊಟ್ಟೆಯಲ್ಲಿ ಗರಗಸ ಎಳೆದಂಥ ಸದ್ದು. ನೀನು ಪರದೆಯ ಮೂಲೆಯಲ್ಲಿ ಬಿಸಿ ತೋರಿಸಲು ಕೂರಿಸಿಟ್ಟಿದ್ದೆಯಲ್ಲ, ಆ ಅಂಕಿ ತೊಂಬತ್ತೇಳಕ್ಕೆ ಏರುತ್ತದೆ, ಆಮೇಲೆ ಎಲ್ಲವೂ ತಾನಾಗಿ ಆರಿಹೋಗುತ್ತದೆ.

ರಿಪೇರಿಯವನನ್ನು ಕರೆಸಿದೆ. ಮುಚ್ಚಳ ಬಿಚ್ಚಿ ನೋಡಿ, ಕೆಟ್ಟಿರುವುದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ವಯಸ್ಸಾಯಿತು, ಯಾರೂ ಇದನ್ನು ಇಟ್ಟುಕೊಳ್ಳುವುದಿಲ್ಲ ಎಂದ. ವಯಸ್ಸಾದದ್ದನ್ನೆಲ್ಲ ಎಸೆಯುವುದಾದರೆ ನನ್ನನ್ನೂ ಒಯ್ಯಿರಿ ಎಂದು ಹೇಳಿ ಕಳಿಸಿದೆ.

ಏನು ಮಾಡಬೇಕು, ಬರೆ. ಫೋನ್ ಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ.

ಅಕ್ಕ

*

ಜೂನ್ 29

ಅಕ್ಕ,

ನಿನ್ನ ಕಾಗದ ಎರಡು ಬಂದರು ಸುತ್ತಿ ನಿನ್ನೆ ಕೈಗೆ ಬಂತು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಮೊದಲು ಕುಳಿತುಕೊಂಡೆ, ಆಮೇಲೆ ಒಡೆದೆ. ಓದಿ ಮುಗಿಸಿ ಒಬ್ಬಳೇ ನಕ್ಕೆ. ಪಕ್ಕದ ಮಂಚದ ಅಡುಗೆಯವಳು ಏನಾಯಿತು ಎಂದು ಕೇಳಿದಳು. ನಮ್ಮಕ್ಕನಿಗೆ ಫ್ಯಾನಿನ ಚಿಂತೆ ಎಂದೆ.

ನಾನು ಹೇಳುವುದನ್ನು ಕೇಳು. ಅದನ್ನು ಎಸೆದುಬಿಡು. ಹನ್ನೆರಡು ವರ್ಷದ ಕಾರ್ಡ್ ಅದು. ಕಸೂತಿ ಚಿತ್ರಕ್ಕೆ ಈಗ ಅಂಗೈ ಅಗಲದ ಯಂತ್ರ ಸಿಗುತ್ತದೆ, ಸದ್ದಿಲ್ಲ, ಬಿಸಿಯಿಲ್ಲ. ಮುಂದಿನ ಬಂದರಿನಿಂದ ಒಂದು ಕಳಿಸುತ್ತೇನೆ. ಆ ಹಳೇ ಡಬ್ಬದಲ್ಲಿ ಈಗ ಉಳಿದಿರುವುದಾದರೂ ಏನು?

ಆದರೆ ನೀನು ಹಿಡಿದ ಹಟ ಬಿಡುವವಳಲ್ಲ ಎಂದು ಗೊತ್ತು. ಅದಕ್ಕೆ ಇದನ್ನೂ ಬರೆಯುತ್ತೇನೆ. ವಿದ್ಯುತ್ತಿನ ತಂತಿ ಕಿತ್ತು ಒಂದು ಗಂಟೆ ಬಿಡು. ಒಳಗೆ ಕೈ ಹಾಕುವ ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟು, ಮೈಯಲ್ಲಿನ ಕರೆಂಟು ಇಳಿಯಲಿ. ಕಾರ್ಡಿನ ತಿರುಪು ಬಿಚ್ಚಿ, ಕೊನೆಯಲ್ಲಿರುವ ಕೊಕ್ಕೆ ಒತ್ತಿ, ನೆಟ್ಟಗೆ ಮೇಲಕ್ಕೆ ಎಳೆ, ಅಲ್ಲಾಡಿಸಬೇಡ. ಫ್ಯಾನಿನ ಕೆಳಗೆ ತೆಳು ತಗಡುಗಳ ಸಾಲು ಇರುತ್ತದೆ. ಅದರ ಸಂದಿನ ಧೂಳು ತೆಗೆ. ಬ್ರಷ್ ಆಡಿಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರು, ಗಿರಗಿರ ತಿರುಗಲು ಬಿಡಬೇಡ. ಫ್ಯಾನಿನ ನಡುವೆ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ಅರ್ಧ ಎಬ್ಬಿಸಿ, ನಿನ್ನ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಡು.

ಇಲ್ಲಿ ಎಲ್ಲಾ ಮಾಮೂಲು. ಸಮುದ್ರದ ತಳದ ನಕ್ಷೆ ಮಾಡುತ್ತೇವೆ. ಯಾರೂ ಕಾಲಿಡದ ಜಾಗದ ಗುಡ್ಡ, ಕಣಿವೆ ಎಲ್ಲ ನನಗೆ ಬಾಯಿಪಾಠ. ರಜೆಯ ವಿಷಯ ಖಚಿತವಿಲ್ಲ.

ಪಿಟೀಲು

*

ಜುಲೈ 20

ಪಿಟೀಲು,

ಹೇಳಿದ ಹಾಗೆಯೇ ಮಾಡಿದೆ. ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಬಿಳಿ ಬಟ್ಟೆ ಹಾಸಿ, ಕಾರ್ಡನ್ನು ಅದರ ಮೇಲೆ ಮಲಗಿಸಿದೆ. ಫ್ಯಾನಿನ ಕೆಳಗೆ ತಗಡಿನ ಸಾಲು ಇರುತ್ತದೆ ಎಂದು ಬರೆದಿದ್ದೆ. ಎಲ್ಲಿಯ ತಗಡು? ಎಂಟು ವರ್ಷದ ನೂಲಿನ ಚೂರು, ಉಣ್ಣೆಯ ಜುಂಗು ಎಲ್ಲ ಸೇರಿ ಒಂದು ಕಂಬಳಿಯೇ ಆಗಿತ್ತು. ಅದನ್ನು ಹೊದ್ದು ಮಲಗಿದ್ದರೆ ಯಾರಿಗೆ ತಾನೇ ಬಿಸಿಯಾಗುವುದಿಲ್ಲ. ಹೊಲಿಗೆ ಯಂತ್ರದ ಜೊತೆ ಬರುವ ಪುಟ್ಟ ಬ್ರಷ್ಷಿನಿಂದ ಒಂದೊಂದೇ ಸಂದು ಬಿಡಿಸಿದೆ. ಕೆಂಪು ಎಳೆ ಯಾವ ಮದುವೆಯ ಉಡುಪಿನದು, ಬೂದು ಎಳೆ ಯಾವ ಶಾಲೆಯ ಸಮವಸ್ತ್ರದ್ದು ಎಂದು ನನಗೆ ಗುರುತು ಸಿಗುತ್ತಿತ್ತು.

ಎಣ್ಣೆ ಒಂದೇ ತೊಟ್ಟು ಎಂದು ನನಗೆ ಪಾಠ ಹೇಳಬೇಡ. ನೀನು ಹುಟ್ಟುವ ಮೊದಲೇ ನಾನು ಅಮ್ಮನ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದೆ.

ಗರಗಸದ ಸದ್ದು ನಿಂತಿದೆ. ಅಂಕಿ ಎಂಬತ್ತೆಂಟಕ್ಕೆ ಇಳಿದಿದೆ, ಒಂದು ಗಂಟೆಯ ತನಕ ಆರುವುದಿಲ್ಲ. ನಿನ್ನ ಭಾವ ಪಕ್ಕದಲ್ಲಿ ಕುಳಿತು, ಬಸ್ಸಿನ ಎಂಜಿನ್ ಇಷ್ಟು ಕಾದರೆ ಪ್ರಯಾಣಿಕರನ್ನು ಇಳಿಸಿ ನಿಲ್ಲಿಸುತ್ತೇನೆ ಎಂದರು. ಮೂವತ್ತು ವರ್ಷ ಬಸ್ಸು ಓಡಿಸಿದವರ ಮಾತು, ತೆಗೆದುಹಾಕುವ ಹಾಗಿಲ್ಲ. ಇನ್ನೂ ಇಳಿಸಲು ದಾರಿ ಇದ್ದರೆ ಬರೆ.

ಹೊಸದು ಕಳಿಸಬೇಡ. ಕಳಿಸಿದರೆ ಅಂಚೆಯವನ ಕೈಯಲ್ಲೇ ವಾಪಸು. ಅದರಲ್ಲಿ ಉಳಿದಿರುವುದಾದರೂ ಏನು ಎಂದು ಕೇಳಿದ್ದೀಯ. ನಿನಗೆ ಏನೂ ಉಳಿದಿಲ್ಲದೆ ಇರಬಹುದು. ನೀನು ಯಾವತ್ತೂ ಎದ್ದು ಹೊರಟುಬಿಡುವವಳು.

ಅಕ್ಕ

*

ಆಗಸ್ಟ್ 24

ಅಕ್ಕ,

ಕೊನೆಯ ಸಾಲನ್ನು ಓದದವಳ ಹಾಗೆ ಇರುತ್ತೇನೆ.

ಕಾರ್ಡನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ಅದು ಮನೆಗೆ ಬಂದ ದಿನವೇ ಕಣ್ಣ ಮುಂದಿದೆ. ನೀನು ಒಂದು ಇಡೀ ಶಾಲೆಯ ಸಮವಸ್ತ್ರ ಒಪ್ಪಿಕೊಂಡು, ಬೆನ್ನು ಬಗ್ಗಿಸಿ ಹೊಲಿದು ಅದನ್ನು ಕೊಡಿಸಿದ್ದೆ. ಅಂಗಡಿಯವನು ಅದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದಾಗ ನೀನು ತಿರುಗಿಸಿ ನೋಡಿ, "ಇಷ್ಟಕ್ಕೆ ಇಷ್ಟೊಂದಾ? ಕಾಲರ್ ಕೂಡ ಇಲ್ಲ" ಅಂದಿದ್ದೆ. ಬಸ್ಸಿನಲ್ಲಿ ಮನೆ ತನಕ ಮಡಿಲಲ್ಲಿ ಇಟ್ಟುಕೊಂಡು ಬಂದವಳೂ ನೀನೇ, ನನ್ನ ಕೈಗೆ ಕೊಡಲಿಲ್ಲ. ಆಗ ನಾನು ಕಂಪ್ಯೂಟರಿನಲ್ಲಿ ಮನೆ, ಮರ, ಗಾಡಿ ಕಟ್ಟುವುದನ್ನು ಕಲಿಯುತ್ತಿದ್ದೆ. ನಾನು ಕಟ್ಟಿದ ಮೊದಲ ಕುರ್ಚಿಗೆ ಮೂರೇ ಕಾಲಿದ್ದವು. ಅಮ್ಮ ಬಂದು ನೋಡಿ, ಕುಳಿತರೆ ಬೀಳುತ್ತೇನೆ ಎಂದಳು. ಅಕ್ಕ, ಆ ದಿನಗಳು ಎಷ್ಟು ಚೆನ್ನಾಗಿದ್ದವು.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ತಗಡಿನ ಭಾಗ ಹಿಡಿದಿರುವ ನಾಲ್ಕು ತಿರುಪು ಬಿಚ್ಚಿದರೆ ನಡುವೆ ಒಂದು ದೊಡ್ಡ ಚಿಪ್ ಕಾಣುತ್ತದೆ. ಅದರ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಕೊಳವೆಯ ಹೊಸ ಪೇಸ್ಟನ್ನು ಕಡಲೆಕಾಳಿನಷ್ಟು ಇಡು. ಸುತ್ತಲೂ ಎಂಟು ಸಣ್ಣ ಕಪ್ಪು ಚಿಪ್‌ಗಳಿವೆ. ಅವುಗಳ ಮೇಲಿನ ಹಳೇ ಮೆತ್ತೆ ಕಿತ್ತು, ನಾನು ಕಳಿಸಿದ ಹಾಳೆಯಿಂದ ಅದೇ ಅಳತೆಗೆ ಕತ್ತರಿಸಿ ಇಡು. ಆ ಚಿಪ್‌ಗಳ ಬಿಸಿ ಈ ಮೆತ್ತೆಯ ಮೂಲಕವೇ ತಗಡಿಗೆ ಹೋಗಬೇಕು. ಕತ್ತರಿ ಹಿಡಿಯುವುದನ್ನು ನಿನಗೆ ಹೇಳಿಕೊಡಬೇಕಿಲ್ಲ. ತಿರುಪುಗಳನ್ನು ಎದುರುಬದುರು ಮೂಲೆಯಿಂದ ಸ್ವಲ್ಪಸ್ವಲ್ಪವೇ ಬಿಗಿ ಮಾಡು.

ಒಂದು ಮಾತು ಕೇಳಲೇ? ಕಸೂತಿಯ ಚಿತ್ರಕ್ಕೆ ಕಾರ್ಡ್ ಎಂಬತ್ತೆಂಟಕ್ಕೆ ಹೋಗುವುದಿಲ್ಲ. ಕಸೂತಿಗೆ ಅದು ನಿದ್ದೆಯಿಂದ ಕೂಡ ಏಳುವುದಿಲ್ಲ. ನೀನು ಅದರಲ್ಲಿ ಏನು ಮಾಡುತ್ತಿದ್ದೀಯ?

ಪಿಟೀಲು

*

ಸೆಪ್ಟೆಂಬರ್ 30

ಪಿಟೀಲು,

ಕೈಯಾರೆ ಕೆಡಿಸಿಬಿಟ್ಟೆ ಎಂದು ಕಾಣುತ್ತದೆ.

ಪೇಸ್ಟ್ ಇಟ್ಟೆ, ಮೆತ್ತೆ ಕತ್ತರಿಸಿ ಕೂರಿಸಿದೆ, ಅಂಚಿಗೆ ಅಂಚು ತಾಗುವ ಹಾಗೆ. ತಿರುಪು ಎದುರುಬದುರೇ ಬಿಗಿದೆ. ಅಂಕಿ ಎಪ್ಪತ್ತೊಂದಕ್ಕೆ ಇಳಿಯಿತು. ಗೆದ್ದೆ ಎಂದುಕೊಂಡು ನಿನ್ನ ಭಾವನನ್ನು ಕೂಗಿ ಕರೆದೆ. ಹತ್ತು ನಿಮಿಷಕ್ಕೆ ಪರದೆಯ ತುಂಬ ಕೆಂಪು, ಹಸಿರು ಚೌಕಗಳು. ಆಮೇಲೆ ಕಪ್ಪು. ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಹಾಕಿದರೆ ಮತ್ತೆ ಹಾಗೆಯೇ. ಅಂಕಿ ಎಪ್ಪತ್ತೊಂದೇ. ಬಿಸಿಯಿಲ್ಲದೆ ಇದಕ್ಕೆ ಏನು ರೋಗ?

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಇನ್ನು ಮುಚ್ಚಿಟ್ಟು ಏನು ಮಾಡಲಿ.

ನೀನು ಹೋಗಿ ಎರಡು ವರ್ಷದ ಮೇಲೆ ಕಸೂತಿ ಚಿತ್ರ ಹುಡುಕುವಾಗ, ನೀನು ಕಂಪ್ಯೂಟರಿನೊಳಗೆ ಕಟ್ಟಿಟ್ಟಿದ್ದ ಬೀದಿ ಸಿಕ್ಕಿತು. ನಮ್ಮ ಹಳೇ ಬೀದಿ. ರಸ್ತೆ ಅಗಲ ಮಾಡಲು ಒಡೆದುಹಾಕಿದರಲ್ಲ, ಅದು. ಬಾಣದ ಗುಂಡಿ ಒತ್ತಿದರೆ ನಡೆಯುವ ಹಾಗೆ ಆಯಿತು. ಮೊದಲ ದಿನ ಬೇಕರಿಯ ತನಕ ಹೋಗಿ ಅಲ್ಲೇ ನಿಂತೆ. ಬೇಕರಿಯ ಗಾಜಿನಲ್ಲಿ ಬಿರುಕು, ಬಿರುಕಿಗೆ ಅಂಟಿಸಿದ ಟೇಪು ಕೂಡ ಇದೆ. ಬೀಗದ ಅಂಗಡಿಯ ಗೋಡೆಯ ಮೇಲೆ ಆ ಕಿವಿ ಹರಿದ ಬೆಕ್ಕು ಇದೆ, ನಾನು ದಾಟಿದರೆ ತಲೆ ತಿರುಗಿಸುತ್ತದೆ. ಆರು ವರ್ಷದಿಂದ ಸಂಜೆ ಅಂಗಡಿ ಮುಚ್ಚುವ ಮೊದಲು ಆ ಬೀದಿಯಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ. ನಿನ್ನ ಭಾವನಿಗೂ ಮೊನ್ನೆಯೇ ಹೇಳಿದ್ದು. ಲೆಕ್ಕ ನೋಡುತ್ತಿದ್ದೀಯ ಎಂದುಕೊಂಡಿದ್ದೆ ಎಂದರು.

ನಮ್ಮ ಮನೆಯ ಮುಂದೆ ಮಾತ್ರ ನಿಂತು ವಾಪಸು ಬರುತ್ತೇನೆ. ಬಾಗಿಲು ತೆರೆಯುವುದಿಲ್ಲ. ಬಾಗಿಲಿನ ಹಿಂದೆ ನೀನು ಏನೂ ಕಟ್ಟಿಲ್ಲ ಎಂದು ಗೊತ್ತು. ಕಟ್ಟಲು ನಾನು ಬಿಡಲಿಲ್ಲ. ಆ ದಿನ ನಿನಗೆ ಹೇಳಿದ್ದು ನನಗೆ ಒಂದಕ್ಷರ ಮರೆತಿಲ್ಲ. ಬೈಯಬೇಕಿತ್ತು, ಬೈದೆ. ಆದರೆ ಅಷ್ಟು ಬೈಯಬಾರದಿತ್ತು.

ಈಗ ಆ ಬೀದಿಯೂ ಕಪ್ಪಾಗಿದೆ. ಬೇಗ ಬರೆ.

ಅಕ್ಕ

*

ಅಕ್ಟೋಬರ್ 22

ಅಕ್ಕ,

ಮೊದಲು ರೋಗಕ್ಕೆ ಮದ್ದು. ನಡುವಿನ ದೊಡ್ಡ ಚಿಪ್ ತಣ್ಣಗಿದೆ, ಅಂಕಿ ತೋರಿಸುವುದು ಅದರದ್ದು. ಚೌಕಗಳು ಬರುವುದು ಸುತ್ತಲಿನ ಸಣ್ಣ ಚಿಪ್‌ಗಳು ಬೇಯುವುದರಿಂದ. ಅಂದರೆ ತೊಂದರೆ ಮೆತ್ತೆಯಲ್ಲಿ. ನಾನು ಕಳಿಸಿದ ಹಾಳೆಯ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಅದನ್ನು ಸುಲಿದು ಇಡಬೇಕು. ಸುಲಿದೆಯಾ?

ಸುಲಿದಿಲ್ಲ. ನನಗೆ ಗೊತ್ತು. ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ಕಿತ್ತವರು ಯಾರಿದ್ದಾರೆ? ಫ್ರಿಜ್ಜಿನ ಬಾಗಿಲಿನ ಪೊರೆ ತಾನಾಗಿ ಹಳದಿಯಾಗಿ ಉದುರುವ ತನಕ ಅಮ್ಮ ಯಾರನ್ನೂ ಮುಟ್ಟಗೊಡಲಿಲ್ಲ. ಗಡಿಯಾರದ ಗಾಜಿನ ಪೊರೆಯಲ್ಲಿ ಗುಳ್ಳೆ ಎದ್ದು ಮುಳ್ಳೇ ಕಾಣುತ್ತಿರಲಿಲ್ಲ, ಸಮಯ ನೋಡಲು ಪಕ್ಕದ ಮನೆಗೆ ಹೋಗುತ್ತಿದ್ದೆವು. ಹಾಗೆ ಬೆಳೆದವಳಿಗೆ ಸುಲಿ ಎಂದು ಬರೆಯದೆ ಹೋದದ್ದು ನನ್ನ ತಪ್ಪು. ಎಲ್ಲರಿಗೂ ಗೊತ್ತಿರುತ್ತದೆ ಎಂದು ಬಿಟ್ಟೆ, ನಾವು ಎಲ್ಲರ ಹಾಗಲ್ಲ ಎನ್ನುವುದೇ ಮರೆತುಹೋಯಿತು. ಪೊರೆ ಸುಲಿ. ಕಾರ್ಡ್ ಸತ್ತಿರಲಾರದು.

ಈಗ ಬೀದಿಯ ಮಾತು. ನಿನ್ನ ಕಾಗದ ಹಿಡಿದುಕೊಂಡು ಹಡಗಿನ ಮೇಲಟ್ಟಕ್ಕೆ ಹೋಗಿ ನಿಂತು ಅತ್ತುಬಿಟ್ಟೆ. ಹತ್ತಿರ ಯಾರಿದ್ದರು ಎಂದು ನೋಡಲಿಲ್ಲ.

ಆ ದಿನ ನೀನು, "ಅಮ್ಮ ಒಳಗೆ ಮಲಗಿದಾಳೆ, ನೀನು ಗೋಡೆಗೆ ಬಣ್ಣ ಹಚ್ತಾ ಕೂತಿದೀಯ. ಆ ಬೊಂಬೆ ಬೀದಿ ಅಳಿಸಿಹಾಕು" ಅಂದೆ. ಮನೆ ಬದಲಿಸಿದ ಎರಡು ತಿಂಗಳಿಗೆ ಅಮ್ಮ ಹೋದಳು. ನಾನು ನನ್ನ ಹತ್ತಿರ ಇದ್ದ ಪ್ರತಿಯನ್ನು ಅಳಿಸಿಹಾಕಿದೆ. ಆ ಕಂಪ್ಯೂಟರಿನಲ್ಲಿ ಇದ್ದದ್ದನ್ನು ನೀನು ಯಾವತ್ತೋ ಅಳಿಸಿರುತ್ತೀಯ ಎಂದುಕೊಂಡಿದ್ದೆ. ಅದಕ್ಕೇ ಎಸೆ ಎಂದು ಬರೆದದ್ದು. ಈಗ ಪ್ರಪಂಚದಲ್ಲಿ ಆ ಬೀದಿ ಇರುವುದು ನಿನ್ನ ಅಂಗಡಿಯ ಮೂಲೆಯಲ್ಲಿ ಮಾತ್ರ. ಹೊಸ ಕಾರ್ಡುಗಳಲ್ಲಿ ಅದು ತೆರೆಯುವುದಿಲ್ಲ, ನಾನು ಕಟ್ಟಿದ್ದು ಆ ಕಾರ್ಡಿಗೇ ಹೊಂದುವ ಹಾಗೆ. ಅದೇ ಕಾರ್ಡಿನಲ್ಲಿ ತೆರೆದು, ಒಂದೊಂದೇ ಗೋಡೆ ಬಿಚ್ಚಿ ಹೊಸದಕ್ಕೆ ಸಾಗಿಸಬೇಕು. ಅದಕ್ಕೆ ನಾನು ಅಲ್ಲಿರಬೇಕು, ಕಾರ್ಡ್ ಬದುಕಿರಬೇಕು.

ಇನ್ನೊಂದು. ಬಾಗಿಲಿನ ಹಿಂದೆ ಮನೆ ಇದೆ. ಇಡೀ ಮನೆ. ಅಮ್ಮನೂ ಒಳಕೋಣೆಯಲ್ಲಿದ್ದಾಳೆ, ದಿಂಬಿಗೆ ಒರಗಿ, ಬಾಗಿಲಿನ ಕಡೆ ನೋಡುತ್ತಾ. ಮನೆ ಬಿಡುವ ಮೊದಲಿನ ಆ ಒಂದು ತಿಂಗಳು ನಾನು ಕಟ್ಟುತ್ತಿದ್ದದ್ದು ಬೇಕರಿಯನ್ನಲ್ಲ. ಹೇಳಲು ನೀನು ಬಿಡಲಿಲ್ಲ, ಆಮೇಲೆ ನನಗೂ ಹೇಳಬೇಕು ಅನ್ನಿಸಲಿಲ್ಲ. ಬಾಗಿಲ ಮುಂದೆ ನಿಂತು ಎಂಟರ್ ಗುಂಡಿ ಒತ್ತಿ ಹಿಡಿದು ಹತ್ತು ಎಣಿಸಬೇಕು. ಅಮ್ಮ ಎದ್ದು ಬಂದು ಚಿಲಕ ತೆಗೆಯಲು ಅಷ್ಟು ಹೊತ್ತು ಬೇಕಾಗುತ್ತಿತ್ತು. ಯಾರೂ ಅಷ್ಟು ಹೊತ್ತು ಗುಂಡಿ ಹಿಡಿಯುವುದಿಲ್ಲ.

ಆದರೆ ಈಗ ಹೋಗಬೇಡ. ಬೀದಿಯಲ್ಲಿ ಒಂದು ಗೋಡೆಗೆ ಹಾಕಿದಷ್ಟು ಕೆಲಸವನ್ನು ಒಳಗೆ ಒಂದು ಬಟ್ಟಲಿಗೆ ಹಾಕಿದ್ದೇನೆ. ಕಾರ್ಡಿಗೆ ಅದನ್ನು ಎಳೆಯುವುದು ಕಷ್ಟ, ಬಿಸಿ ತೊಂಬತ್ತು ದಾಟಿ ಚೌಕಗಳು ಬರಲು ಶುರುವಾದರೆ ಮತ್ತೆ ಎಬ್ಬಿಸಲು ಆಗದೆ ಹೋಗಬಹುದು. ನಾನು ಬರುವ ತನಕ ಕಾಯಿ. ಹೊಸ ವರ್ಷದ ಹೊತ್ತಿಗೆ ರಜೆ ಸಿಗಬಹುದು, ಖಚಿತವಿಲ್ಲ.

ನಿನ್ನ ಪಿಟೀಲು

*

ನವೆಂಬರ್ 23

ಪಿಟೀಲು,

ಪೊರೆ ಸುಲಿದೆ. ಹದಿನಾರು ತುಂಡು, ಎರಡೂ ಬದಿಯದು. ಉಗುರಿನಿಂದ ಎಬ್ಬಿಸುವಾಗ ಅಮ್ಮ ಎಲ್ಲಿ ಗದರುತ್ತಾಳೋ ಎಂದು ಕೈ ಹಿಂಜರಿಯಿತು. ಚೌಕಗಳು ಮಾಯವಾದವು. ಬೀದಿ ಬಂತು, ಬೆಕ್ಕು ತಲೆ ತಿರುಗಿಸಿತು. ಆ ಬೆಕ್ಕನ್ನು ನೋಡಿ ನಾನು ಇಷ್ಟು ಸಂತೋಷಪಟ್ಟದ್ದು ಅದು ಬದುಕಿದ್ದಾಗಲೂ ಇಲ್ಲ.

ಕಾಯಿ ಎಂದು ಬರೆದಿದ್ದೆ. ಒಂಬತ್ತು ದಿನ ಕಾದೆ. ನನ್ನಿಂದ ಅಷ್ಟೇ ಆದದ್ದು. ಹತ್ತನೇ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು, ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ಮೇಜಿನ ಫ್ಯಾನನ್ನು ಅದರ ಮುಖಕ್ಕೇ ತಿರುಗಿಸಿ ಕೂತೆ. ನಿನ್ನ ಭಾವನಿಗೆ ಅಂಕಿ ಓದುವ ಕೆಲಸ ಕೊಟ್ಟೆ. ಬಸ್ಸಿನ ನಿಲ್ದಾಣ ಕೂಗುವ ಹಾಗೆ ಕೂಗುತ್ತೇನೆ ಎಂದರು.

ಹತ್ತು ಎಣಿಸಿದೆ. ಬಾಗಿಲು ತೆರೆಯಿತು.

ಹೊರಕೋಣೆ. ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದಿರುವ ಜಾಗ ಕೂಡ ಸರಿ, ಮಧ್ಯಾಹ್ನ ನಾಲ್ಕರದ್ದು. ಕಟ್ಟಿಟ್ಟ ಪೆಟ್ಟಿಗೆಗಳಿವೆ, ಮೇಲೆ ನನ್ನ ಅಕ್ಷರ. ಕಿಟಕಿಯ ಹತ್ತಿರ ಯಂತ್ರದ ಮುಂದೆ ಒಬ್ಬಳು ಬೆನ್ನು ಹಾಕಿ ಕುಳಿತಿದ್ದಾಳೆ. ಒಂದು ಚಪ್ಪಲಿ ಕಾಲಲ್ಲಿದೆ, ಇನ್ನೊಂದು ಪಕ್ಕದಲ್ಲಿ. ಮೊದಲು ನನಗೆ ಯಾರು ಎಂದು ತಿಳಿಯಲಿಲ್ಲ. ನಿನ್ನ ಭಾವ, "ಅದು ನೀನೇ ಕಣೇ" ಅಂದರು.

ಎಷ್ಟು ಜನರ ಬೆನ್ನಿಗೆ ಟೇಪು ಹಿಡಿದಿದ್ದೇನೆ ಲೆಕ್ಕವಿಲ್ಲ. ನನ್ನ ಬೆನ್ನನ್ನು ಯಾರಾದರೂ ಅಳೆಯುತ್ತಿದ್ದಾರೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಬಲ ಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ, ಸರಿಯಾಗಿದೆ. ಯಂತ್ರದ ಮೇಲೆ ಇರುವುದು ಅಮ್ಮನ ಮೆತ್ತನೆಯ ಅಂಗಿ, ಹಿಂದೆ ಗುಂಡಿ ಬೇಡ ಎಂದು ದಾರ ಇಟ್ಟು ಹೊಲಿದದ್ದು. ಅದರ ದಾರವನ್ನೂ ಬಿಟ್ಟಿಲ್ಲ ನೀನು. ನಾನು ಆ ತಿಂಗಳೆಲ್ಲ ಎಲ್ಲ ಕೆಲಸ ನನ್ನೊಬ್ಬಳ ತಲೆಗೆ ಬಿತ್ತು, ನೀನು ಅತ್ತ ಮುಖ ಮಾಡಿ ಕುಳಿತಿದ್ದೀಯ ಎಂದು ಹಲ್ಲು ಕಡಿಯುತ್ತಿದ್ದೆ. ನೀನು ನನ್ನನ್ನೇ ನೋಡುತ್ತಿದ್ದೆ. ನನಗೆ ತುಂಬಾ ನಾಚಿಕೆಯಾಯಿತು.

ನಿನ್ನ ಭಾವ ಎಂಬತ್ತೊಂದು ಎಂದರು, ಎಂಬತ್ತೈದು ಎಂದರು. ನಾನು ಒಳಕೋಣೆಯ ಕಡೆ ತಿರುಗಿದೆ. ಬಾಗಿಲು ಅರ್ಧ ತೆರೆದಿತ್ತು. ಮಂಚದ ಕಾಲು ಕಾಣಿಸಿತು. ಹೊದಿಕೆಯ ತುದಿ ಕಾಣಿಸಿತು, ಆ ನೀಲಿ ಹೊದಿಕೆ. ಎಂಬತ್ತೊಂಬತ್ತು ಎಂದರು. ಇನ್ನು ಏಳೆಂಟು ಹೆಜ್ಜೆ. ಬಾಗಿಲ ಚೌಕಟ್ಟಿನ ಮೇಲೆ ಒಂದು ಹಸಿರು ಚೌಕ ಮೂಡಿತು, ಸಣ್ಣದು.

ನಿನ್ನ ಭಾವ, "ಹೋಗು, ಇಷ್ಟು ಹತ್ತಿರ ಬಂದಿದೀಯ" ಅಂದರು.

ಗುಂಡಿಯ ಮೇಲೆ ಬೆರಳು ಇತ್ತು, ಪಿಟೀಲು. ಎಂಟು ವರ್ಷವಾಯಿತು ಅವಳನ್ನು ನೋಡಿ. ಆದರೆ ನಾನು ನೋಡಿ ಮುಗಿಸುವಷ್ಟರಲ್ಲಿ ಕಾರ್ಡ್ ಹೋದರೆ, ಅವಳನ್ನು ಅಷ್ಟು ಕಷ್ಟಪಟ್ಟು ಅಲ್ಲಿ ಕೂರಿಸಿದ ನೀನು ಮತ್ತೆ ಯಾವತ್ತೂ ನೋಡುವ ಹಾಗಿಲ್ಲ. ಹಿಂದೆ ತಿರುಗಿ, ಹೊರಕೋಣೆ ದಾಟಿ, ಬೀದಿಗೆ ಬಂದು, ಆರಿಸಿದೆ.

ಕಾರ್ಡ್ ಬದುಕಿದೆ. ಮಾರನೇ ದಿನ ಬೀದಿಯ ತನಕ ಹೋಗಿ ನೋಡಿದೆ, ಎಪ್ಪತ್ತು. ಈಗ ಅದನ್ನು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಎತ್ತಿಟ್ಟಿದ್ದೇನೆ. ಸಂಜೆಯ ನಡಿಗೆಯೂ ಸದ್ಯಕ್ಕೆ ಬಂದ್.

ಅಮ್ಮ ಬಾಗಿಲಿನ ಕಡೆ ನೋಡುತ್ತಾ ಇದ್ದಾಳೆ ಎಂದು ನೀನೇ ಬರೆದಿದ್ದೀಯ. ರಜೆ ಖಚಿತವಿಲ್ಲ ಎಂದು ಇನ್ನೊಂದು ಸಲ ಬರೆಯಬೇಡ. ಬರುವ ತಾರೀಖು ಬರೆ.

ಅಕ್ಕ